ಆಟೋ ನಿಲ್ಲುತ್ತಿದ್ದ ಎರಡು ತಿರುವು

ನಮ್ಮ ಯಜಮಾನರ ಹೆಸರು ರಾಮಾಂಜಿನಪ್ಪ. ಆ ಹೆಸರಿನಿಂದ ಅವರನ್ನು ಕರೆದವರು ಹಲಸೂರಿನಲ್ಲಿ ಕಡಿಮೆ. ನಮ್ಮ ಗಲ್ಲಿಯವರಿಗೆ ಅವರು ಮೈಕ್ ಆಂಜಿನಪ್ಪ. ಬೀದಿ ನಲ್ಲಿಯ ಹತ್ತಿರ ತಿರುಗಿದರೆ ತಮಿಳರ ಗಲ್ಲಿ, ಅಲ್ಲಿ ಮೈಕ್‌ಕಾರರು. ಸೌದೆ ಡಿಪೋ ಹತ್ತಿರ ಇನ್ನೊಂದು ಸಲ ತಿರುಗಿದರೆ ಮಸೀದಿ ಗಲ್ಲಿ, ಅಲ್ಲಿ ಮೈಕ್ ಭಾಯಿ.

ಕೆಲಸ ಇಷ್ಟೇ. ಬಷೀರನ ಆಟೋ ಮೇಲೆ ಹಾರ್ನ್ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಕೂಗುವುದು. ನಾಳೆ ನೀರು ಬರಲ್ಲ. ಸೀಮೆಎಣ್ಣೆ ಬಂದಿದೆ. ಕೆಂಪು ಚಡ್ಡಿ ಹಾಕಿಕೊಂಡ ಮಗು ಕಳೆದುಹೋಗಿದೆ. ಇಂಥವರು ತೀರಿಕೊಂಡರು, ಇಷ್ಟು ಹೊತ್ತಿಗೆ ಎತ್ತುತ್ತಾರೆ. ಶಾಮಿಯಾನ ಅಂಗಡಿಯಲ್ಲಿ ಕೂಲಿಗೆ ಇದ್ದವರು ಈ ಕೆಲಸ ಹಿಡಿದರು. ಅಂಗಡಿ ಮುಚ್ಚಿತು. ನಮ್ಮ ಗಲ್ಲಿಯ ಕನ್ನಡ ಸಂಘದ ಹುಡುಗರು ಆ ಮೈಕ್ ಸೆಟ್ ಕೊಂಡುಕೊಂಡರು. ಕೂಗುವವರು ಇವರೇ ಉಳಿದರು.

ನಾನು ಮಹದೇವಪುರದವಳು. ಆಗ ಅದು ಹಳ್ಳಿ. ನಮ್ಮ ಮನೆಯಲ್ಲಿ ರಾಗಿ ಬೆಳೆಯುತ್ತಿದ್ದರು, ತೆಲುಗು ಮಾತಾಡುತ್ತಿದ್ದರು. ಐದನೇ ಕ್ಲಾಸಿನ ತನಕ ಶಾಲೆಗೆ ಹೋದೆ. ಬಾಯಿ ತಪ್ಪಿ ತೆಲುಗು ಬಂದರೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕನ್ನಡ ಕಲಿತೆ, ಒಳ್ಳೆಯದೇ ಆಯಿತು. ಬೆಂಚಿನ ಮೇಲೆ ನಿಂತದ್ದು ಮಾತ್ರ ಮರೆಯಲಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ ಬಂದಾಗ ಇವರು ಯಾರನ್ನೋ ಕೇಳಿ ಕಲಿತು ತೆಲುಗಿನಲ್ಲಿ ಊಟಕ್ಕೆ ಕರೆದರು. ಎಲ್ಲ ತಪ್ಪು. ಅಮ್ಮ ನಕ್ಕು ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಂಡಳು.

ಮೊದಮೊದಲು ಇವರೂ ಎಲ್ಲ ಗಲ್ಲಿಯಲ್ಲೂ ಕನ್ನಡದಲ್ಲೇ ಕೂಗುತ್ತಿದ್ದರು. ಕೊಟ್ಟ ಚೀಟಿ ಓದುವುದು, ಬರುವುದು. ತೊಂಬತ್ತರ ಸುಮಾರಿಗೆ ಒಂದು ಬೇಸಿಗೆಯಲ್ಲಿ ನಲ್ಲಿ ನೀರಿಗೆ ಚರಂಡಿ ನೀರು ಸೇರಿತು. ಕೊಳವೆ ನೀರು ಕಲುಷಿತಗೊಂಡಿರುವುದರಿಂದ ಸಾರ್ವಜನಿಕರು ಸೇವಿಸಬಾರದಾಗಿ ಕೋರಿಕೆ ಅಂತ ಚೀಟಿ. ನನಗೇ ಅರ್ಥವಾಗಲಿಲ್ಲ. ಇವರನ್ನು ಕೇಳಿ ತಿಳಿದುಕೊಂಡೆ.

ಮಸೀದಿ ಗಲ್ಲಿಯಲ್ಲಿ ಹುಸೇನಮ್ಮ ಇದ್ದಾರೆ. ಹೈದರಾಬಾದ್ ಕಡೆಯಿಂದ ಮದುವೆಯಾಗಿ ಬಂದವರು. ಹೊರಗೆ ಬರುವುದು ಕಡಿಮೆ, ಮನೆಯಲ್ಲಿ ದಖ್ಖನಿ ಉರ್ದು ಮಾತು. ಅವರು ಆ ನೀರು ಕುಡಿದರು. ವಾಂತಿ ಭೇದಿ ಹಿಡಿದು ಆಸ್ಪತ್ರೆ ಸೇರಿದರು. ದೇವರು ದೊಡ್ಡವನು, ಉಳಿದರು. ನಾವಿಬ್ಬರೂ ಮೂಸಂಬಿ ತೆಗೆದುಕೊಂಡು ನೋಡಲು ಹೋದೆವು. ಹುಸೇನಮ್ಮ ಬಯ್ಯಲಿಲ್ಲ. ಬರುವಷ್ಟು ಕನ್ನಡದಲ್ಲಿ ಹೇಳಿದರು.

"ಭಾಯಿ, ನೀನು ನಮ್ ಬಾಗ್ಲಲ್ಲೇ ನಿಂತು ಕೂಗ್ದೆ. ನಂಗೆ ಕೂಗ್ಲಿಲ್ಲ."

ಮಾರನೆಯ ದಿನ ಇವರು ಬಷೀರನನ್ನು ಕೂರಿಸಿಕೊಂಡರು. ನೀರು ಕುಡಿಯಬೇಡಿ ಅನ್ನುವುದಕ್ಕೆ ನಿಮ್ಮಲ್ಲಿ ಏನಂತೀರಾ ಅಂತ ಕೇಳಿದರು. ಪಾನಿ ಪೀನಾ ನಕ್ಕೋ ಅಂದ ಬಷೀರ್. ನೀನೇ ಮೈಕಲ್ಲಿ ಹೇಳು ಅಂದರೆ ಆಗಲ್ಲ ಅಂದ. ಅವನಿಗೆ ಮೈಕ್ ಕಂಡರೆ ನಾಲಿಗೆ ಒಣಗುತ್ತಿತ್ತು. ತಮಿಳಿಗೆ ಇಡ್ಲಿ ಮಾರುವ ಅಂಜಲೈ ಹತ್ತಿರ ಹೋದರು. ಅವಳು ಒಂದು ಮಾತಿಗೆ ಹತ್ತು ಸಲ ನಗುತ್ತಿದ್ದಳು. ಮೈಕ್‌ಕಾರರೇ, ನೀವು ಹೇಳಿದ್ರೆ ಬೆದರಿಸಿದ ಹಾಗೆ ಕೇಳುತ್ತೆ, ಸ್ವಲ್ಪ ಎಳೀರಿ ಅನ್ನುತ್ತಿದ್ದಳು. ಎಳೆಯುವುದನ್ನೂ ಕಲಿತರು.

ಆಮೇಲೆ ಒಂದು ರೂಢಿ ಬಿತ್ತು. ನಮ್ಮ ಗಲ್ಲಿಯಲ್ಲಿ ಕನ್ನಡ. ನಲ್ಲಿ ತಿರುವಿಗೆ ಬಂದರೆ ಬಷೀರ್ ಎಂಜಿನ್ ಆರಿಸಬೇಕು. ಗಾಡಿಯ ಸದ್ದು ನಿಲ್ಲಬೇಕು, ಜನ ಕತ್ತೆತ್ತಿ ನೋಡಬೇಕು, ಆಮೇಲೆ ತಮಿಳು. ಡಿಪೋ ತಿರುವಿನಲ್ಲೂ ಹಾಗೇ, ಆಮೇಲೆ ದಖ್ಖನಿ. ಆ ಎರಡು ಕಡೆಯೂ ಕೊನೆಗೆ ಒಂದು ಸಲ ಕನ್ನಡದಲ್ಲೂ ಹೇಳುತ್ತಿದ್ದರು. ಅದರಿಂದ ಅಂಜಲೈ ಕನ್ನಡ ಓದುವುದನ್ನು ಕಲಿತಳು ಅಂತ ಹೇಳಲಾರೆ. ಮಾತು ಇನ್ನಷ್ಟು ಕಲಿತಳು.

ಎಲ್ಲರಿಗೂ ಇದು ಸರಿಬರಲಿಲ್ಲ. ಒಂದು ವರ್ಷ ಊರಲ್ಲಿ ಭಾಷೆಯ ಗಲಾಟೆ ಎದ್ದಿತು. ತಮಿಳರ ಗಲ್ಲಿಯಲ್ಲಿ ಹಗಲೇ ಬಾಗಿಲು ಹಾಕಿಕೊಂಡರು. ಸಂಘದ ವಸಂತ್ ಮನೆಗೆ ಬಂದು, ಇನ್ನು ಮೇಲೆ ನಮ್ಮ ಮೈಕಿನಲ್ಲಿ ಬೇರೆ ಭಾಷೆ ಬೇಡ ಅಂದ. ಒಳ್ಳೆಯ ಹುಡುಗ. ಇವರ ಕೈಯಲ್ಲೇ ಮೈಕ್ ಜೋಡಿಸುವುದು ಕಲಿತವನು.

"ಅವ್ರಿಗೆ ಕನ್ನಡ ಅರ್ಥ ಆಗಲ್ವಾ ಅಣ್ಣ?"

"ಅರ್ಥ ಆಗುತ್ತೆ ಕಣೋ. ಎದ್ದು ಬರಲ್ಲ."

ವಸಂತ್ ಮೈಕ್ ತೆಗೆದುಕೊಂಡು ಹೋದ. ಆ ವಾರ ಸೀಮೆಎಣ್ಣೆ ಬಂತು. ಇವರು ನಡೆದೇ ಹೋಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ತಮಿಳಿನಲ್ಲಿ ಕೂಗಿದರು. ಒಂದು ಬಾಗಿಲು ತೆರೆಯಿತು, ಆಮೇಲೆ ಎಲ್ಲ ಬಾಗಿಲೂ ತೆರೆದವು. ಮನೆಗೆ ಬಂದಾಗ ಗಂಟಲು ಕಟ್ಟಿತ್ತು. ಮೆಣಸಿನ ಕಷಾಯ ಮಾಡಿಕೊಟ್ಟೆ. ಗಲಾಟೆ ತಣ್ಣಗಾದ ಮೇಲೆ ವಸಂತ್ ಮೈಕ್ ತಂದಿಟ್ಟು ಹೋದ. ಬೇಡ ಅಂದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ, ತಡೆಯಲೂ ಇಲ್ಲ. ಹಾಗೇ ನಡೆಯಿತು.

ಎರಡು ಸಾವಿರದ ಮೂರನೇ ಇಸವಿ. ಬೆಳಿಗ್ಗೆ ಎದ್ದು ಕಾಫಿ ಕೇಳಿದರು. ನಾನು ಲೋಟ ತರುವಷ್ಟರಲ್ಲಿ ಇಲ್ಲ.

ಮಧ್ಯಾಹ್ನವೇ ಕಲ್ಪಳ್ಳಿ ಸ್ಮಶಾನಕ್ಕೆ ತೆಗೆದುಕೊಂಡು ಹೋಗಬೇಕು ಅಂತ ಅವರ ಕಡೆಯವರು ತೀರ್ಮಾನ ಮಾಡಿದರು. ನಮಗೆ ಮಕ್ಕಳಿಲ್ಲ. ಇದ್ದ ಜನವೆಲ್ಲ ಆ ಮೂರು ಗಲ್ಲಿಯವರೇ. ಅವರು ಬರುವ ಮೊದಲೇ ಎತ್ತಿಬಿಟ್ಟರೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ವಸಂತ್ ಮೈಕ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಅತ್ತು ಅವನ ಕಣ್ಣು ಊದಿತ್ತು.

"ಮೂರು ಮಾತಲ್ಲೂ ಹೇಳ್ಸಪ್ಪ," ಅಂದೆ.

"ಬೈರಕ್ಕ, ಸಂಘದ ಮೈಕು. ಅಣ್ಣ ಕನ್ನಡದೋರು. ಮರ್ಯಾದೆಯಾಗಿ ಕನ್ನಡದಲ್ಲೇ ಕಳಿಸ್ಕೊಡೋಣ."

"ಅವ್ರು ಎಲ್ರ ಸಾವನ್ನೂ ಅವರವರ ಮಾತಲ್ಲಿ ಹೇಳಿದ್ರು."

"ಎಲ್ರಿಗೂ ಅರ್ಥ ಆಗುತ್ತಕ್ಕ. ಈಗ ಯಾರಿಗೆ ಕನ್ನಡ ಬರಲ್ಲ ಹೇಳಿ."

ಅದಕ್ಕೆ ಉತ್ತರ ನನಗೆ ಗೊತ್ತಿತ್ತು, ಹಿಂದೆ ಇವನಿಗೆ ಅವರೇ ಕೊಟ್ಟಿದ್ದ ಉತ್ತರ. ಹೇಳಲು ಎದ್ದೆ. ಹೆಣ ಮುಂದಿಟ್ಟುಕೊಂಡು ಯಾಕೆ ವಾದ ಅಂತ ನಾದಿನಿ ನನ್ನ ಭುಜ ಹಿಡಿದು ಕೂರಿಸಿದಳು. ಆಟೋ ಹೊರಟಿತು.

ನಾನು ಅವರ ತಲೆಯ ಹತ್ತಿರ ಕೂತು ಕೇಳುತ್ತಿದ್ದೆ. ಶ್ರೀ ರಾಮಾಂಜಿನಪ್ಪನವರು ಇಂದು ಮುಂಜಾನೆ ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ವಸಂತನ ದನಿ. ಚೆನ್ನಾಗಿ ಓದಿದ. ನಮ್ಮ ಗಲ್ಲಿ ದಾಟಿತು, ದನಿ ಸಣ್ಣದಾಯಿತು. ಆಮೇಲೆ ಎಂಜಿನ್ ನಿಂತಿತು. ನಲ್ಲಿ ತಿರುವು. ಅಲ್ಲಿ ಇವರ ದನಿ ಬರಬೇಕು. ಬರಲಿಲ್ಲ. ನನಗೆ ಅವರು ಹೋದದ್ದು ನಿಜವಾಗಿ ಗೊತ್ತಾದದ್ದು ಆಗ.

ಅಲ್ಲಿ ನಡೆದದ್ದನ್ನು ಆಮೇಲೆ ಬಷೀರ್ ಹೇಳಿದ. ಬೇಕೆಂದು ನಿಲ್ಲಿಸಲಿಲ್ಲವಂತೆ, ಕೈ ತಾನಾಗಿ ಆರಿಸಿತಂತೆ. ಯಾಕೋ ನಿಲ್ಲಿಸಿದೆ, ಹೋಗು ಅಂದ ವಸಂತ್. ಗಾಡಿಗೆ ಅಭ್ಯಾಸ ಅಂದ ಬಷೀರ್. ಸದ್ದು ನಿಂತದ್ದಕ್ಕೆ ಅಂಜಲೈ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಇನ್ನೂ ನಾಲ್ಕು ಜನ ಬಂದರು. ಎಲ್ಲರೂ ಹಿಂದಿನ ಸೀಟು ನೋಡಿದರು.

ಮೈಕ್‌ಕಾರರೆಲ್ಲಿ ಅಂತ ಅಂಜಲೈ ಕೇಳಿದಳು. ಈಗ ತಾನೇ ಹೇಳಿದೆನಲ್ಲ, ತೀರಿಕೊಂಡರು ಅಂದ ವಸಂತ್. ಅವಳು ಅವನ ಮೇಲೇ ರೇಗಿದಳು.

"ನೀನು ಯಾರೋ ರಾಮಾಂಜಿನಪ್ಪ ಅಂದೆ. ಯಾರೋ ದೊಡ್ಡೋರು ಅನ್ಕೊಂಡು ನಾನು ಇಡ್ಲಿ ಬೇಯಿಸ್ತಾ ಇದ್ದೆ. ನಮ್ಮೋರು ಅಂತ ಯಾಕೆ ಹೇಳ್ಲಿಲ್ಲ?"

ವಸಂತ್ ಕೈಯಲ್ಲಿದ್ದ ಮೈಕ್ ನೋಡಿದನಂತೆ. ಆಮೇಲೆ ಅದನ್ನು ಅವಳ ಕೈಗೆ ಕೊಟ್ಟು ಸೀಟಿನಲ್ಲಿ ಪಕ್ಕಕ್ಕೆ ಸರಿದು ಕೂತನಂತೆ.

ಮುಂದಿನದು ನನಗೇ ಕೇಳಿಸಿತು. ಹೆಂಗಸಿನ ದನಿ, ಎಳೆದು ಎಳೆದು. "ನಮ್ಮ ಮೈಕ್‌ಕಾರರು ಪೋಯಿಟ್ಟಾರು." ಹೋಗಿಬಿಟ್ಟರು ಅಂತ, ಅಷ್ಟೇ. ಅದನ್ನೇ ಎರಡು ಸಲ. ಡಿಪೋ ತಿರುವಿನಲ್ಲಿ ಮತ್ತೆ ಎಂಜಿನ್ ನಿಂತಿತು. ಹುಸೇನಮ್ಮ ಬಾಗಿಲಿನಿಂದ ಕೈ ಚಾಚಿ ಮೈಕ್ ಇಸಿದುಕೊಂಡರಂತೆ. ಅವರ ಗಂಟಲು ದೊಡ್ಡದು. ಮೈಕ್ ಭಾಯಿ ಇಲ್ಲ, ಹಾಲಿಡಬೇಡಿ, ಚಾ ಕಾಯಿಸಬೇಡಿ, ಎಲ್ಲ ಬನ್ನಿ ಅಂತ ದಖ್ಖನಿಯಲ್ಲಿ ಕೂಗಿದರು. ಆ ಗಲ್ಲಿಯಲ್ಲಿ ಸಾವಾದರೆ ಒಲೆ ಹಚ್ಚುವುದಿಲ್ಲ. ಇವರ ಸಾವಿಗೂ ಅವತ್ತು ಹಚ್ಚಲಿಲ್ಲ.

ಜನ ಬಂದರು. ಬಾಗಿಲಿನಿಂದ ನಲ್ಲಿಯ ತನಕ ನಿಂತಿದ್ದರು. ಎತ್ತುವವರು ಇನ್ನಷ್ಟು ಹೊತ್ತು ಕಾಯಬೇಕಾಯಿತು. ಅಂಜಲೈ ಅವರ ಕಾಲ ಹತ್ತಿರ ಕೂತು ತಮಿಳಿನಲ್ಲಿ ಹಾಡಿ ಹಾಡಿ ಅತ್ತಳು. ಅವಳನ್ನು ಕೇಳಿ ನನಗೂ ಬಾಯಿ ಬಿಟ್ಟಿತು. ಬೆಳಿಗ್ಗೆಯಿಂದ ನಾನು ಅತ್ತಿರಲಿಲ್ಲ. ಬಂದದ್ದು ತೆಲುಗು. ನಮ್ಮಮ್ಮನ ಮಾತು. ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ. ಯಾರೂ ಬೇಡ ಅನ್ನಲಿಲ್ಲ. ವಸಂತ್ ಹತ್ತಿರವೇ ನಿಂತಿದ್ದ, ನೀರು ತಂದು ಕೊಟ್ಟ.

ತಿಂಗಳ ಪೂಜೆ ಮುಗಿದ ಮೇಲೆ ಅವನು ಒಬ್ಬನೇ ಬಂದ. ಕುಳಿತುಕೊಳ್ಳಲಿಲ್ಲ. ಅವನ ಅಜ್ಜಿಯೂ ಮನೆಯಲ್ಲಿ ತೆಲುಗೇ ಆಡುತ್ತಿದ್ದರಂತೆ, ಸ್ನೇಹಿತರ ಮುಂದೆ ನಾಚಿಕೆಯಾಗಿ ಇವನು ಉತ್ತರ ಕೊಡುತ್ತಿರಲಿಲ್ಲವಂತೆ. ಅಷ್ಟು ಹೇಳಿ, ಭಾನುವಾರ ಪೋಲಿಯೊ ಹನಿಗೆ ಕೂಗಬೇಕು, ಅಣ್ಣ ತಮಿಳಲ್ಲಿ ಏನನ್ನುತ್ತಿದ್ದರು ಅಂತ ಕೇಳಿದ. ನನಗೆ ಗೊತ್ತಿತ್ತು. ದಿನಾ ಕೇಳಿದ ಕಿವಿ ಇದು. ಹೇಳಿಕೊಟ್ಟೆ. ಸ್ವಲ್ಪ ಎಳೀಬೇಕು ಅಂದೆ.

ಈಗ ನಾಲ್ಕು ವರ್ಷವಾಯಿತು. ಸಂಘದವರು ನವೆಂಬರಿನಲ್ಲಿ ಬಾವುಟ ಹಾರಿಸುತ್ತಾರೆ, ಸಿಹಿ ಹಂಚುತ್ತಾರೆ. ಮಸೀದಿ ಗಲ್ಲಿಯವರೂ ಬಂದು ತಿನ್ನುತ್ತಾರೆ. ಮೈಕ್ ಅದೇ. ಕೂಗುವವನು ವಸಂತ್. ಅವನ ತಮಿಳು ಪರವಾಗಿಲ್ಲ. ದಖ್ಖನಿ ಇನ್ನೂ ಕೆಟ್ಟದಾಗಿದೆ. ಬಷೀರ್ ಮುಂದೆ ನೋಡಿಕೊಂಡು ನಗುತ್ತಾನೆ, ತಿದ್ದುವುದಿಲ್ಲ. ತಿದ್ದುವವರು ಹುಸೇನಮ್ಮ.

ಹೋದ ವಾರ ನಾನು ಅಲ್ಲೇ ಅಂಗಡಿಗೆ ಹೋಗಿದ್ದೆ. ಡಿಪೋ ತಿರುವಿನಲ್ಲಿ ಆಟೋ ನಿಂತಿತು, ಎಂಜಿನ್ ಆರಿತು. ವಸಂತ್ ಕೂಗಿದ. ಹುಸೇನಮ್ಮ ಪರದೆ ಸರಿಸಿ ತಲೆ ಹೊರಗೆ ಹಾಕಿದರು.

"ಬೇಟಾ, ಬಾಯಲ್ಲಿ ಗುಂಡುಕಲ್ಲು ಇಟ್ಕೊಂಡಿದ್ಯಾ? ಇನ್ನೊಂದ್ಸಲ ಹೇಳು."

ಅವನು ಇನ್ನೊಂದು ಸಲ ಹೇಳಿದ.