ಇಲ್ಲದ ಪುಸ್ತಕಕ್ಕೆ ಪೂರ್ಣ ಅಂಕ

ಕಾರವಾರದ ಕಾಲೇಜೊಂದರ ಗ್ರಂಥಪಾಲನ ಕೆಲಸದಿಂದ ನಿವೃತ್ತನಾದ ಮೇಲೆ ಆ ಕಾಲೇಜು ನನ್ನನ್ನು ನೆನೆದದ್ದು ಒಂದೇ ಸಲ. ಗ್ರಂಥಾಲಯದ ಹೊಸ ಕಟ್ಟಡ ಉದ್ಘಾಟನೆಯಾದಾಗ ನನಗೆ ಕರೆಯೋಲೆ ಬಂದಿರಲಿಲ್ಲ. ನಾನು ಕೈಯಾರೆ ಬರೆದ ಸೂಚಿಕಾರ್ಡುಗಳನ್ನು ರದ್ದಿಗೆ ಹಾಕಿ, ಅವುಗಳ ಮರದ ಪೆಟ್ಟಿಗೆಗಳನ್ನು ರಸಾಯನಶಾಸ್ತ್ರ ವಿಭಾಗಕ್ಕೆ ಬಾಟಲಿ ಇಡಲು ಕೊಟ್ಟಾಗಲೂ ಒಂದು ಮಾತು ತಿಳಿಸಿರಲಿಲ್ಲ. ಈಗ ಕರೆದದ್ದು, ಆನ್‌ಲೈನ್ ಪಾಠಗಳನ್ನು ನೋಡಿ ಯೋಗ್ಯವೋ ಅಲ್ಲವೋ ಹೇಳಬೇಕೆಂದು. ಪುಸ್ತಕ ಹುಡುಕುವುದು ಹೇಗೆ, ನಂಬಬಹುದಾದ ಬರಹವನ್ನು ಗುರುತಿಸುವುದು ಹೇಗೆ, ಪ್ರಾಜೆಕ್ಟಿನ ಕೊನೆಯಲ್ಲಿ ಆಧಾರ ಗ್ರಂಥಗಳನ್ನು ನಮೂದಿಸುವುದು ಹೇಗೆ ಎಂಬುದನ್ನು ಡಿಗ್ರಿ ವಿದ್ಯಾರ್ಥಿಗಳಿಗೆ ಮೊಬೈಲಿನಲ್ಲೇ ಕಲಿಸುವ ಪಾಠಗಳು ಅವು. ಪಾಠ ಮುಗಿದ ಮೇಲೆ ಬರುವ ಪ್ರಶ್ನೆಗಳಿಗೆ ಸರಿ ಉತ್ತರ ಒತ್ತಿದವರಿಗೆ ಪ್ರಮಾಣಪತ್ರ. ಅದಿಲ್ಲದೆ ಪ್ರಾಜೆಕ್ಟ್ ಆರಂಭಿಸುವಂತಿಲ್ಲ. ಹಿಂದೆ ನಾನು ಮಕ್ಕಳನ್ನು ಕಪಾಟುಗಳ ನಡುವೆ ನಿಲ್ಲಿಸಿ ನಡೆಸುತ್ತಿದ್ದ ವಾರದ ತರಗತಿಯನ್ನು ಈ ಪಾಠಗಳ ನೆಪದಲ್ಲಿ ತೆಗೆದುಹಾಕಲಾಗಿತ್ತು.

ಪಾಠ ತಯಾರಿಸಿದ ತರುಣ ಉಪನ್ಯಾಸಕರು ಸಭೆಗೆ ನನ್ನನ್ನು ಪರಿಚಯಿಸಿದ್ದು, "ಇವರು ನಮ್ಮ ಹಳೇ ಲೈಬ್ರರಿ ಸ್ಟಾಫ್" ಎಂದು. ಆ ಮಾತನ್ನು ಅಲ್ಲೇ ನುಂಗಿಕೊಂಡೆ. ನುಂಗಲಾಗದ ಸಂಗತಿ ಮೂರನೆಯ ಪಾಠದಲ್ಲಿತ್ತು. ಆಧಾರ ಗ್ರಂಥವನ್ನು ನಮೂದಿಸುವ ಕ್ರಮ ತೋರಿಸಲು ಕರಾವಳಿಯ ರಂಪಣಿ ಮೀನುಗಾರಿಕೆಯ ಮೇಲಿನ ಒಂದು ಪುಸ್ತಕವನ್ನು ಕೊಟ್ಟಿದ್ದರು: ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಎಲ್ಲವೂ ಅಚ್ಚುಕಟ್ಟು. ಅಂಥ ಪುಸ್ತಕ ನನ್ನ ಕೈಗೆ ಎಂದೂ ಬಂದಿರಲಿಲ್ಲ. ಮನೆಗೆ ಬಂದು, ನೋಡಬಹುದಾದ ಗ್ರಂಥಾಲಯಗಳ ಸೂಚಿಗಳನ್ನೆಲ್ಲ ಜಾಲಾಡಿದೆ. ಎಲ್ಲಿಯೂ ಇರಲಿಲ್ಲ.

ಮುಂದಿನ ಸಭೆಯಲ್ಲಿ ಕೇಳಿದೆ.

"ಅದು ಸುಮ್ನೆ ಉದಾಹರಣೆಗೆ ಹಾಕಿದ್ದು ಸರ್," ಎಂದರು ಉಪನ್ಯಾಸಕರು.

"ಉದಾಹರಣೆ ಎಂದು ಎಲ್ಲಿಯೂ ಬರೆದಿಲ್ಲವಲ್ಲ?"

"ಡಿಗ್ರಿ ಮಕ್ಳಿಗೆ ಅಷ್ಟೂ ಗೊತ್ತಾಗೂದಿಲ್ವ?"

ನಮ್ಮ ಕಪಾಟಿನಲ್ಲಿರುವ ನಿಜವಾದ ಪುಸ್ತಕವನ್ನೇ ತೋರಿಸಿ ಎಂದೆ. ಪಾಠ ಮುಗಿಸಿದ ನಾಲ್ಕಾರು ಮಕ್ಕಳನ್ನು ಕರೆತಂದು ಒಂದು ಪುಸ್ತಕ ಹುಡುಕಿಸಿ ನೋಡಿ, ಕಲಿತಿದ್ದಾರೋ ಇಲ್ಲವೋ ಆಗ ತಿಳಿಯುತ್ತದೆ ಎಂದೂ ಹೇಳಿದೆ. ಪ್ರಾಂಶುಪಾಲರು ನಕ್ಕರು. "ಎಲ್ರೂ ಪಾಸಾಗ್ತಾ ಇದಾರೆ ಮಾರಾಯ್ರೆ. ಇನ್ನೆಂತ ಬೇಕು ನಿಮ್ಗೆ?" ಹೇಳಿದ್ದನ್ನೆಲ್ಲ ಬರೆದೂ ಕೊಟ್ಟೆ. ಪಾಠದಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಪ್ರಾಜೆಕ್ಟುಗಳ ಮೌಖಿಕ ಪರೀಕ್ಷೆ ಮುಗಿದ ಮೇಲೆ ಒಂದು ಮಧ್ಯಾಹ್ನ, ಕದ್ವಾಡದ ನನ್ನ ಮನೆಗೆ ಅಂಕೋಲೆಯಿಂದ ಒಬ್ಬ ವಿದ್ಯಾರ್ಥಿನಿ ತಾಯಿಯೊಡನೆ ಬಂದಳು. ಪುಸ್ತಕದ ವಿಷಯವಾದರೆ ಹಳೆಯ ಗ್ರಂಥಪಾಲರನ್ನು ಕೇಳು ಎಂದು ಯಾರೋ ಹೇಳಿದ್ದರಂತೆ. ತಂದೆ ಬೋಟಿನಲ್ಲಿ ದುಡಿಯುವವನು, ತಾಯಿ ಮೀನು ಮಾರುವವಳು. ಹುಡುಗಿಯ ಪ್ರಾಜೆಕ್ಟು ರಂಪಣಿಯ ಬಗ್ಗೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಆ ದೊಡ್ಡ ಬಲೆಯನ್ನು ಅವಳ ಅಜ್ಜ ಎಳೆದವನು. ಅಜ್ಜ ಹೇಳಿದ್ದನ್ನೆಲ್ಲ ಬರೆದು, ಕೊನೆಗೆ ಆಧಾರ ಗ್ರಂಥಗಳಲ್ಲಿ ಆ ಇಲ್ಲದ ಪುಸ್ತಕವನ್ನು ನಮೂದಿಸಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಅದೇ ವಿಷಯ ಬಲ್ಲವರು. ಇಂಥ ಪುಸ್ತಕವೇ ಇಲ್ಲ, ಇವಳು ಆಧಾರವನ್ನೇ ಹುಟ್ಟಿಸಿದ್ದಾಳೆ ಎಂದು ಪ್ರಾಜೆಕ್ಟನ್ನು ಅನುತ್ತೀರ್ಣ ಮಾಡಿದ್ದರು. ಡಿಗ್ರಿ ಪೂರ್ತಿಯಾಗದಿದ್ದರೆ ಬಿ.ಎಡ್. ಸೀಟು ಕೈತಪ್ಪುತ್ತಿತ್ತು.

"ಪಾಠದಲ್ಲಿ ನನ್ನ ವಿಷಯದ್ದೇ ಪುಸ್ತಕ ಕಂಡು ಖುಷಿ ಆಯ್ತು ಸರ್," ಎಂದಳು. "ಲೈಬ್ರರೀಲಿ ಕೇಳೂಕೆ ಹೋದೆ. ಹೊರಗೆ ಹೋಗಿದೆ, ಮುಂದಿನ ವಾರ ಬಾ ಅಂದ್ರು. ಮುಂದಿನ ವಾರವೂ ಹಂಗೇ ಅಂದ್ರು. ಹೊರಗೆ ಹೋಗಿದೆ ಅಂದ್ರೆ ಪುಸ್ತಕ ಇದ್ದೇ ಇದೆ ಹೇಳಿ ಅಲ್ವ ಸರ್?"

ಹೌದು, ಯಾರಾದರೂ ಹಾಗೆಯೇ ತಿಳಿಯುತ್ತಾರೆ. ಕೇಳಿದ ಪುಸ್ತಕ ಕಣ್ಣಿಗೆ ಬೀಳದಿದ್ದರೆ ಎದ್ದು ಹುಡುಕದೆ, ಕುಳಿತಲ್ಲಿಂದಲೇ "ಹೊರಗೆ ಹೋಗಿದೆ" ಎನ್ನುವುದು ಆ ಕೌಂಟರಿನ ಹಳೆಯ ಚಾಳಿ. ನನ್ನ ಕಾಲದಲ್ಲಿ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಗದರಿಸುತ್ತಿದ್ದೆ. ಈಗ ಗದರಿಸುವವರಿಲ್ಲ. ಪಾಠ ಹುಟ್ಟಿಸಿದ ಪುಸ್ತಕಕ್ಕೆ ಕೌಂಟರು ಸಾಕ್ಷಿ ನುಡಿದಿತ್ತು.

"ಮಾಸ್ತರ್ರೇ," ಎಂದಳು ತಾಯಿ, "ನಾ ಹಳಸಿದ ಮೀನು ಕೊಟ್ರೆ ಗಿರಾಕಿ ನನ್ನ ಮುಖಕ್ಕೇ ಎಸೀತಾರೆ. ಇಲ್ಲದ ಪುಸ್ತಕ ತೋರ್ಸಿದೋರ ಮುಖಕ್ಕೆ ಎಸೆಯೂಕೆ ಯಾರೂ ಇಲ್ವ?"

ಮರುದಿನ ಮೂವರೂ ಕಾಲೇಜಿಗೆ ಹೋದೆವು. ಪ್ರಾಂಶುಪಾಲರ ಕೋಣೆಯಲ್ಲಿ ನನಗೆ ಕುರ್ಚಿ ತೋರಿಸಿದರು, ಆ ತಾಯಿಗೆ ತೋರಿಸಲಿಲ್ಲ. ನಾನೂ ನಿಂತೇ ಮಾತನಾಡಿದೆ. ತಪ್ಪು ಪಾಠದ್ದು ಎಂದು ವಿಶ್ವವಿದ್ಯಾಲಯಕ್ಕೆ ಕಾಲೇಜು ಒಂದು ಪತ್ರ ಬರೆದರೆ ಈ ಹುಡುಗಿಗೆ ಇನ್ನೊಂದು ಅವಕಾಶ ಸಿಗಬಹುದು ಎಂದೆ. ಪ್ರಾಂಶುಪಾಲರು ತಮ್ಮ ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದರು. ಮೂರನೆಯ ಪಾಠದ ಕೊನೆಯಲ್ಲಿ, "ಪರಿಶೀಲಿಸಿದವರು" ಎಂಬುದರ ಕೆಳಗೆ ನನ್ನ ಹೆಸರಿತ್ತು.

"ನೀವೇ ನೋಡಿದ ಪಾಠ ಅಲ್ವ ಸರ್ ಇದು? ಈಗ ತಪ್ಪಿದೆ ಅಂದ್ರೆ ಹೆಂಗೆ?"

"ಆಗಲೇ ಹೇಳಿದ್ದೆ. ಇದೇ ಕೋಣೆಯಲ್ಲಿ. ನೀವು ನಕ್ಕಿರಿ."

"ನಂಗೆ ನೆನಪಿಲ್ಲ ಮಾರಾಯ್ರೆ."

ನನಗೆ ನೆನಪಿದೆ. ನಾನು ಬರೆದುಕೊಟ್ಟದ್ದರ ನೆರಳಚ್ಚು ಪ್ರತಿಯನ್ನು ಮೇಜಿನ ಮೇಲಿಟ್ಟೆ. "ಅಡ್ಡಿಲ್ಲ, ನೋಡ್ವ" ಎಂದರು. ಆಮೇಲೆ ಹಲವು ಸಲ ಹೋಗಿ ಕೇಳಿದೆ. ಒಮ್ಮೆ ಮೀಟಿಂಗು, ಒಮ್ಮೆ ರಜೆ, ಒಮ್ಮೆ ಬೆಂಗಳೂರು. ಪತ್ರ ಹೋಗಲೇ ಇಲ್ಲ. ಬಿ.ಎಡ್. ಪ್ರವೇಶ ಮುಗಿಯಿತು.

ಹುಡುಗಿ ಈಗ ಬಾಳೆಗುಳಿ ಕ್ರಾಸಿನ ಹತ್ತಿರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಮೊನ್ನೆ ಬಸ್ಸು ಬದಲಿಸಲು ಇಳಿದಾಗ ಸಿಕ್ಕಳು. ಪ್ರಾಜೆಕ್ಟನ್ನು ಹೊಸದಾಗಿ ಮಾಡಬೇಕಂತೆ. ಅದಕ್ಕೆ ಮೊದಲು, ನಿಯಮದಂತೆ, ಆ ಪಾಠಗಳನ್ನು ಮತ್ತೆ ನೋಡಿ ಪಾಸಾಗಬೇಕಂತೆ.

"ನೋಡಿದೆ ಸರ್. ಆ ಪುಸ್ತಕ ಅಲ್ಲೇ ಇದೆ," ಎಂದಳು. "ಕೊನೇ ಪ್ರಶ್ನೆಗೆ ಅದೇ ಸರಿ ಉತ್ತರ. ಬೇರೆ ಒತ್ತಿದ್ರೆ ಪ್ರಮಾಣಪತ್ರ ಬರೂದಿಲ್ಲ."

"ಮತ್ತೆ?"

"ಒತ್ತಿದೆ ಸರ್. ಪೂರ್ತಿ ಮಾರ್ಕ್ಸು ಬಂತು."

ಮೊಬೈಲು ತೆರೆದು ತೋರಿಸಿದಳು. ಅಭಿನಂದನೆ ಎಂಬ ಹಸಿರು ಅಕ್ಷರಗಳ ಕೆಳಗೆ ನನ್ನ ಹೆಸರು ಹಾಗೆಯೇ ಇತ್ತು.