ಹಾರವಿಲ್ಲದ ಪಟ

ಜರ್ಮನಿಯ ಡ್ರೆಸ್ಡೆನ್‌ನ ಮ್ಯೂಸಿಯಮ್ಮಿನಲ್ಲಿ, ಊರಿಂದ ನಮ್ಮನ್ನು ನೋಡಲು ಬಂದಿದ್ದ ಅತ್ತೆ ಬೂಟು ಕಳಚಿಟ್ಟು ಒಂದು ಚಿತ್ರಕ್ಕೆ ಕೈ ಮುಗಿದುಬಿಟ್ಟರು. ಕಾವಲಿದ್ದ ಹೆಂಗಸು ಕಕ್ಕಾಬಿಕ್ಕಿಯಾದಳು. ಅತ್ತೆ ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆಯುವಷ್ಟರಲ್ಲಿ ನಾನು ಅಡ್ಡ ನಿಂತೆ.

ಚಿತ್ರದಲ್ಲಿದ್ದವನು ದೇವರಲ್ಲ. ನಿದ್ದೆಗೆಟ್ಟ ಕಣ್ಣಿನ, ಕೋಟಿನ ಗುಂಡಿ ಹಾಕಿಕೊಳ್ಳದ ಒಬ್ಬ ಗಡ್ಡದ ಮನುಷ್ಯ. ನೂರು ವರ್ಷಗಳ ಹಿಂದೆ ಪೋಲೆಂಡಿನ ಕಲಾವಿದನೊಬ್ಬ ಬರೆದ ಚಿತ್ರ.

“ಪಾಪ, ಯಾವಾಗ ತೀರ್ಕೊಂಡಾರ್ರೀ ಇವ್ರು?”

ಧಾರವಾಡದ ಅತ್ತೆಯ ಪ್ರಶ್ನೆ ಸಹಜವೇ. ನಮ್ಮ ಮನೆಗಳಲ್ಲಿ ಮನುಷ್ಯ ಗೋಡೆ ಏರುವುದು ಸತ್ತ ಮೇಲೆ, ಹಾರ ಹಾಕಿಸಿಕೊಳ್ಳುವುದಕ್ಕೆ.

ಪಕ್ಕದ ಫಲಕ ಓದಿ ಹೇಳಿದೆ: “ಬರೆಯುವಾಗ ಬದುಕಿದ್ರು ಅತ್ತೆ. ಇವರೂ ಪೇಂಟರ್ರೇ. ಇವರ ಫ್ರೆಂಡೇ ಇವರನ್ನ ಎದುರಿಗೆ ಕೂರಿಸ್ಕೊಂಡು ದಿನಗಟ್ಟಲೆ ನೋಡಿ ಬರೆದ್ರಂತೆ.”

ಅತ್ತೆಗೆ ನಂಬಿಕೆ ಬರಲಿಲ್ಲ. “ಜೀವಂತ ಇರೋ ಮನಷ್ಯಾನ ಮಾರಿ ಅಷ್ಟೊತ್ತು ಯಾರು ನೋಡ್ತಾರ್ರೀ?”

ನನಗೆ ನಗು ಬಂತು. ಅಷ್ಟರಲ್ಲಿ ಜೊತೆಗಿದ್ದ ಹೆಂಡತಿ ನನ್ನ ಕೈಗೆ ಫೋನು ಕೊಟ್ಟು, ಚಿತ್ರಕ್ಕೆ ಬೆನ್ನು ಹಾಕಿ ನಿಂತಳು. ಸ್ಕ್ರೀನಿನಲ್ಲಿ ಅವಳ ಮುಖ ಬೆಳ್ಳಗೆ ಬಂದಿದೆಯೇ ಎಂದು ನೋಡಿ ಕ್ಲಿಕ್ಕಿಸಿದೆ. ಸ್ಕ್ರೀನಿನ ಆಚೆಗಿದ್ದ ಅವಳನ್ನು ನೋಡಲಿಲ್ಲ. ಅವಳೂ ಫೋಟೊ ನೋಡಿದಳೇ ಹೊರತು ನನ್ನನ್ನಲ್ಲ.

ಸೋಮವಾರ ಆಫೀಸಿನಲ್ಲಿ, ವರ್ಷಗಳಿಂದ ನನ್ನೆದುರೇ ಕೂರುವ ಮೈಸೂರಿನ ಗೆಳೆಯನ ಮುಖವನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿತ್ತು. ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವನು ಗಾಬರಿಯಾಗಿ ಬಾಯಿ ಒರೆಸಿಕೊಂಡ: “ಯಾಕ್ ಗುರು, ಏನಾದ್ರೂ ಅಂಟ್ಕೊಂಡಿದ್ಯಾ?”