ಒಂದು ಹಿಡಿ ಮೆಣಸು

ನಮ್ಮ ಮನೆಯಲ್ಲಿ ಅಕ್ಷರ ಬಲ್ಲ ಹೆಂಗಸು ನಾನೊಬ್ಬಳೇ. ಈಗ ಇದನ್ನು ಹೇಳಿದರೆ ಜಂಬದಂತೆ ಕೇಳಿಸಬಹುದು. ಆಗಲೂ ಅದು ಜಂಬವೇ ಆಗಿತ್ತು.

ದಾವಣಗೆರೆಯ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಅಪ್ಪ ಗುಮಾಸ್ತನಾಗಿದ್ದ. ಅಂಗಡಿಯ ಸಾಹುಕಾರರ ಮನೆಗೆ ಒಂದು ವಾರಪತ್ರಿಕೆ ಬರುತ್ತಿತ್ತು. ಅವರ ಮನೆಯ ಹೆಂಗಸರೆಲ್ಲ ಓದಿ ಮುಗಿಸಿ, ಎರಡು ಮೂರು ವಾರ ಹಳತಾದ ಮೇಲೆ ಅದನ್ನು ಅಪ್ಪ ಕೊಡೆಯ ಜೊತೆ ಕಂಕುಳಲ್ಲಿ ಸಿಕ್ಕಿಸಿಕೊಂಡು ತರುತ್ತಿದ್ದ. ಅದರಲ್ಲಿ ಧಾರಾವಾಹಿ ಇರುತ್ತಿತ್ತು, ವಾರಭವಿಷ್ಯ ಇರುತ್ತಿತ್ತು. ಅವ್ವನಿಗೆ ಬೇಕಾದದ್ದು ಕೊನೆಯಲ್ಲಿ ಬರುತ್ತಿದ್ದ ಅಡಿಗೆಯ ಅರ್ಧ ಪುಟ ಮಾತ್ರ. ನಾನು ಶಾಲೆಯಿಂದ ಬಂದು ಕೈಕಾಲು ತೊಳೆದು, ಒಲೆಯ ಪಕ್ಕದ ಗೋಡೆಗೆ ಒರಗಿ ಕೂತು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಬರೆಯುವವರು ಬೆಂಗಳೂರು, ಮೈಸೂರಿನ ಕಡೆಯವರು. ಗೋಡಂಬಿ, ದ್ರಾಕ್ಷಿ, ಕೇಸರಿ ಎಂದು ಧಾರಾಳವಾಗಿ ಬರೆದುಬಿಡುತ್ತಿದ್ದರು. ಅವ್ವ ಕಾಗದದ ಜೊತೆಗೇ ಜಗಳ ತೆಗೆಯುತ್ತಿದ್ದಳು.

"ಗೋಡಂಬಿ ಎಲ್ಲಿಂದ ತರಾನ? ಶೇಂಗಾ ಹಾಕಿದ್ರೆ ಏನು ತಪ್ಪು ಅಂತ ಕೇಳು."

"ಅದು ಪೇಪರ್ ಅವ್ವ. ಕೇಳಿದ್ರೆ ಹೇಳಂಗಿಲ್ಲ."

"ಹಂಗಾದ್ರೆ ಶೇಂಗಾನೇ ಹಾಕ್ತೀನಿ. ಮುಂದೆ ಓದು."

ಹೀಗೆ ಮೈಸೂರಿನ ವಾಂಗಿಭಾತಿನ ಪುಡಿ ನಮ್ಮ ಮನೆಯ ಬದನೆಕಾಯಿ ಎಣ್ಣೆಗಾಯಿಯೊಳಗೆ ಹೋಗಿ ಜೋಳದ ರೊಟ್ಟಿಯ ಜೊತೆ ಕೂಡುತ್ತಿತ್ತು. ಯಾರದೋ ಮದುವೆ ಮನೆಯ ಕುರ್ಮಾ ನಮ್ಮಲ್ಲಿ ಶೇಂಗಾ ಅರೆದು ಹಾಕಿದ ಪಲ್ಯವಾಗಿ ಬುತ್ತಿಗೆ ಬೀಳುತ್ತಿತ್ತು. ಅಪ್ಪ ಉಣ್ಣುತ್ತ, "ಇದೇನು ಹೊಸದು?" ಎಂದು ಕೇಳಿದರೆ ಅವ್ವ ಹೇಳುವುದು ಒಂದೇ ಮಾತು: "ಓದಿದಾಕಿ ಅವಳು, ಮಾಡಿದಾಕಿ ನಾನು." ಆ ಅರ್ಧ ಪಾಲಿಗಾಗಿ ನಾನು ಇಡೀ ವಾರ ಕಾಯುತ್ತಿದ್ದೆ. ಶಾಲೆಯಲ್ಲಿ ನನಗೆ ಯಾರೂ ಅಷ್ಟು ಅಂಕ ಕೊಟ್ಟವರಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಣ್ಣನ ಮದುವೆಯಾಗಿ ಅತ್ತಿಗೆ ಬಂದಳು. ಹರಿಹರದ ಪಕ್ಕದ ಗುತ್ತೂರಿನವಳು, ಒಕ್ಕಲುತನದ ಮನೆಯ ಹುಡುಗಿ, ನನಗಿಂತ ಮೂರು ವರ್ಷ ದೊಡ್ಡವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನಗೆ ಖುಷಿಯೇ ಆಗಿತ್ತು, ಕೂತು ಕೇಳುವವರು ಇನ್ನೊಬ್ಬರು ಸಿಕ್ಕರಲ್ಲ ಎಂದು. ಅವಳೆದುರು ಪತ್ರಿಕೆ ಬಿಡಿಸುವಾಗ ಬೇಕಂತಲೇ ಪರಪರ ಸದ್ದು ಮಾಡುತ್ತಿದ್ದೆ.

ಅವ್ವನಿಗೆ ಒಂದೊಂದು ಸಾಲನ್ನು ಮೂರು ಸಲ ಓದಬೇಕಾಗಿತ್ತು. ಅತ್ತಿಗೆ ಒಂದೇ ಸಲ ಕೇಳುತ್ತಿದ್ದಳು. ಮರುದಿನ ನೋಡಿದರೆ ಮೊದಲಿಂದ ಕೊನೆಯವರೆಗೆ ಅವಳಿಗೆ ಬಾಯಿಪಾಠ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಪತ್ರಿಕೆಯಲ್ಲಿ "ಹದವಾಗಿ ಹುರಿಯಿರಿ" ಎಂದು ಬರೆದಿದ್ದರೆ ನನಗೆ ಆ ಪದ ಓದಲು ಬರುತ್ತಿತ್ತು, ಅವಳಿಗೆ ಹದವೇ ಗೊತ್ತಿತ್ತು. ಮೂರು ತಿಂಗಳಲ್ಲಿ ಒಲೆಯ ಮುಂದಿನ ಮಣೆ ಅವಳದಾಯಿತು. ಅವ್ವ ನನ್ನ ಪಕ್ಕ ಗೋಡೆಗೆ ಒರಗಿ ಕೂರುವ ಹಾಗಾಯಿತು.

ಒಂದು ದಿನ ಅಪ್ಪ ಎಂದಿನಂತೆ ಕೇಳಿದ, "ಇದೇನು ಹೊಸದು?"

"ನನ್ನ ಸೊಸಿ ಕೈಗುಣ," ಎಂದಳು ಅವ್ವ.

ಮುಂದಿನ ಮಾತಿಗೆ ನಾನು ತುತ್ತು ಕೈಯಲ್ಲೇ ಹಿಡಿದು ಕಾದೆ. ಅವ್ವ ಅಪ್ಪನಿಗೆ ಮಜ್ಜಿಗೆ ಬಡಿಸಿ ಒಳಗೆ ಹೋದಳು. ಓದಿದವಳ ಸುದ್ದಿಯೇ ಇಲ್ಲ.

ಅಲ್ಲಿಂದ ನನ್ನ ಹೊಟ್ಟೆ ಉರಿಯತೊಡಗಿತು. ಅವಳ ಬಳೆ ಸದ್ದು ಮಾಡಿದರೆ ಉರಿ, ಅವ್ವ ಅವಳ ತಲೆ ಬಾಚಿದರೆ ಉರಿ, ಹಾಲಿನ ಕೆನೆಯನ್ನು ಅವಳ ರೊಟ್ಟಿಗೆ ಸವರಿಕೊಟ್ಟರಂತೂ ಎರಡು ದಿನ ನನಗೆ ಊಟ ಸೇರುತ್ತಿರಲಿಲ್ಲ. ಓದುವುದನ್ನು ಕೆಡಿಸಿದೆ. ಗಡಿಬಿಡಿಯಲ್ಲಿ, ಅರ್ಧ ಅಕ್ಷರ ನುಂಗಿ ಓದುತ್ತಿದ್ದೆ. "ತಂಗಿ, ಸ್ವಲ್ಪ ನಿಧಾನ," ಎನ್ನುತ್ತಿದ್ದಳು ಅತ್ತಿಗೆ, ಒಂಚೂರೂ ಬೇಸರವಿಲ್ಲದ ದನಿಯಲ್ಲಿ. ಬೇಸರ ಮಾಡಿಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ಶ್ರಾವಣದಲ್ಲಿ ನಮ್ಮ ಸೋದರತ್ತೆ, ಅಪ್ಪನ ಅಕ್ಕ, ಉಕ್ಕಡಗಾತ್ರಿಯಲ್ಲಿ ಅಮಾವಾಸ್ಯೆ ಪೂಜೆ ಮುಗಿಸಿಕೊಂಡು ನಮ್ಮ ಮನೆಗೆ ಬಂದಳು. ಯಾರ ಮನೆಯ ಅಡಿಗೆಯಲ್ಲಾದರೂ ಒಂದು ಕೊರತೆ ಹುಡುಕಿಯೇ ಏಳುವವಳು ಅವಳು. ಅವಳೆದುರು ಸೊಸೆಯನ್ನು ಮೆರೆಸಬೇಕೆಂದು ಅವ್ವನಿಗೆ ಆಸೆ. ಗುತ್ತೂರಿನಿಂದ ಬಂದ ದೊಡ್ಡ ಸಿಹಿಗುಂಬಳಕಾಯಿ ಅಟ್ಟದ ಮೇಲಿತ್ತು. ಆ ವಾರದ ಪತ್ರಿಕೆಯಲ್ಲಿ ಸಿಹಿಗುಂಬಳದ ಪಾಯಸವೇ ಬಂದಿತ್ತು. "ಓದು," ಎಂದಳು ಅವ್ವ.

ಓದಿದೆ. ಕುಂಬಳವನ್ನು ಬೇಯಿಸಿ ಮಸೆಯುವುದು, ಬೆಲ್ಲ ಕರಗಿಸಿ ಸೋಸುವುದು, ಕಾಯಿಹಾಲು, ಏಲಕ್ಕಿ. ಅಲ್ಲಿಗೆ ಅದು ಮುಗಿದಿತ್ತು. ನಾನು ಮುಗಿಸಲಿಲ್ಲ. "ಆಮೇಲೆ ಒಂದು ಹಿಡಿ ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿ ಪಾಯಸಕ್ಕೆ ಹಾಕಬೇಕು," ಎಂದೆ.

"ಪಾಯಸಕ್ಕೆ ಮೆಣಸಾ?" ಅವ್ವ ಕೇಳಿದಳು.

"ಹಂಗಂತ ಬರ್ದೈತೆ. ಹಿಡಿ ತುಂಬ."

ಅತ್ತಿಗೆ ಮೆಣಸಿನ ಡಬ್ಬಿ ಎಳೆದುಕೊಂಡು, "ಆಗ್ಲಿ ಬಿಡ್ರಿ ಅತ್ತೆ, ಬರ್ದಿದ್ರೆ ಹಾಕಾನ," ಎಂದಳು.

ನಾನು ಪತ್ರಿಕೆ ಮಡಚಿಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ. ಒಳಗೆ ಕುಟ್ಟಾಣಿಯ ಸದ್ದು ಕೇಳಿಸಿತು. ಅಷ್ಟು ಸುಖದ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಸೋದರತ್ತೆ ಕೆಮ್ಮುವುದು, ಅವ್ವ ಸೊಸೆಯ ಕಡೆ ತಿರುಗಿ ನೋಡುವುದು, ಎಲ್ಲವನ್ನೂ ಮನಸ್ಸಿನಲ್ಲೇ ಎರಡೆರಡು ಸಲ ನೋಡಿಕೊಂಡೆ.

ಊಟಕ್ಕೆ ಕೂತರು. ಸೋದರತ್ತೆ ಪಾಯಸ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಈಗ ಕೆಮ್ಮುತ್ತಾಳೆ ಎಂದುಕೊಂಡೆ.

"ಏನೋ ಒಂದು ಐತೆ ಇದರಾಗ," ಎಂದಳು. "ಗಂಟಲಾಗ ಬೆಚ್ಚಗೆ ಇಳಿತೈತೆ. ಇನ್ನೊಂದು ಸೌಟು ಹಾಕವ್ವ."

ಅಪ್ಪ ಹಾಕಿಸಿಕೊಂಡ. ಅಣ್ಣ ಬಟ್ಟಲನ್ನೇ ಎತ್ತಿ ಕುಡಿದ. ನಾನೂ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಬೆಲ್ಲದ ಸಿಹಿಯ ಹಿಂದೆಯೇ ಎಲ್ಲೋ ಒಂದಿಷ್ಟು ಖಾರ, ರಾಮನವಮಿಯ ಪಾನಕದ ಹಾಗೆ. ಸುಳ್ಳು ಹೇಳಲಾರೆ, ಬಹಳ ಚೆನ್ನಾಗಿತ್ತು. ಸೋದರತ್ತೆ ಹೊರಡುವಾಗ ಅತ್ತಿಗೆಯ ಗಲ್ಲ ಸವರಿ ನೆಟಿಗೆ ಮುರಿದಳು. ಅವಳು ಯಾರಿಗೂ ಹಾಗೆ ಮಾಡಿದ್ದನ್ನು ನಾವು ಕಂಡಿರಲಿಲ್ಲ.

ಆಮೇಲೆ ಅದು ನಮ್ಮ ಮನೆಯ ಪಾಯಸವೇ ಆಗಿಹೋಯಿತು. ನೆಂಟರು ಬಂದರೆ ಅದು, ಹಬ್ಬಕ್ಕೆ ಅದು. ಓಣಿಯ ಹೆಂಗಸರು ಕೇಳಿಕೊಂಡು ಬರುತ್ತಿದ್ದರು. ಎಲ್ಲರ ಬಾಯಲ್ಲೂ ಅದಕ್ಕೆ "ಸೊಸಿ ಪಾಯಸ" ಎಂಬ ಹೆಸರು ಬಿತ್ತು. ನಾನು ಆ ಸಂಚಿಕೆಯನ್ನು ಅಣ್ಣನ ಕಣ್ಣಿಗೆ ಬೀಳುವ ಮೊದಲೇ ನೀರೊಲೆಗೆ ಹಾಕಿದ್ದೆ. ಸಾಕ್ಷಿ ಸುಟ್ಟ ಮೇಲೆ ಗೊತ್ತಾಯಿತು, ಸುಟ್ಟಿದ್ದು ನನ್ನ ಪರವಾದ ಸಾಕ್ಷಿಯನ್ನೇ. ಆ ಮೆಣಸು ಯಾವ ಪತ್ರಿಕೆಯದೂ ಅಲ್ಲ, ಅತ್ತಿಗೆಯದೂ ಅಲ್ಲ. ನನ್ನದು. ಜನ ಬೆರಳು ಚೀಪುವುದು ನನ್ನ ತಲೆಯಲ್ಲಿ ಹುಟ್ಟಿದ್ದಕ್ಕೆ. ಅದನ್ನು ಹೇಳಿಕೊಳ್ಳಬೇಕೆಂದರೆ ಯಾಕೆ ಹುಟ್ಟಿತು ಎಂಬುದನ್ನೂ ಹೇಳಬೇಕಿತ್ತು. ಪ್ರತಿ ಸಲ ಆ ಪಾಯಸ ಬಡಿಸಿದಾಗಲೂ ನಾನು ಬಾಯಿ ಬಿಗಿಹಿಡಿದು, ಇದು ನನ್ನದು, ಇದು ನನ್ನದು ಎಂದು ಒಳಗೊಳಗೇ ಅಂದುಕೊಂಡು ಉಂಡೆ. ಬೇರೆ ಸಮಾಧಾನ ನನಗಿರಲಿಲ್ಲ.

ಮೆಟ್ರಿಕ್ ಮುಗಿಸಿದ ವರ್ಷ ನನ್ನನ್ನು ಹರಿಹರಕ್ಕೆ ಕೊಟ್ಟರು. ಗಂಡ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಷ್ಟು ಹೊತ್ತಿಗೆ ಅಂಗಡಿಗಳಲ್ಲಿ ಸೇರು ಹೋಗಿ ಕಿಲೋ ಬಂದಿತ್ತು. ಆದರೆ ಹಿಡಿ ಹಿಡಿಯೇ ಅಲ್ಲವೇ, ಅದು ಎಲ್ಲೂ ಬದಲಾಗುವುದಿಲ್ಲ ಎಂಬ ಧೈರ್ಯ ನನಗೆ. ಆ ಮನೆಯಲ್ಲಿ ಯಾರೂ ಆ ಪಾಯಸ ಉಂಡವರಲ್ಲ, ಅತ್ತಿಗೆಯ ಹೆಸರು ಅದಕ್ಕೆ ಅಂಟಿರಲಿಲ್ಲ. ಮೊದಲ ಹಬ್ಬಕ್ಕೆ, "ಇದು ನಾನೇ ಕಂಡುಹಿಡಿದದ್ದು," ಎಂದು ಮೊದಲೇ ಹೇಳಿಬಿಟ್ಟು ಒಲೆ ಹಚ್ಚಿದೆ. ಕುಂಬಳ, ಬೆಲ್ಲ, ಕಾಯಿಹಾಲು, ಏಲಕ್ಕಿ. ಕೊನೆಗೆ ಹಿಡಿ ತುಂಬ ಮೆಣಸು, ತರಿತರಿಯಾಗಿ.

ಮಾವನವರು ಒಂದು ಗುಟುಕು ಕುಡಿದು ಎದ್ದು ಹಿತ್ತಲಿಗೆ ಹೋದರು. ಗಂಡನ ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು. ಅತ್ತೆ ಒಳ್ಳೆಯವರು. ಸೆರಗಿನಿಂದ ಬಾಯಿ ಒರೆಸಿಕೊಂಡು, "ದಾವಣಗೆರಿ ಕಡೆ ಹಿಂಗ ಮಾಡ್ತಾರೇನವ್ವ?" ಎಂದಷ್ಟೇ ಕೇಳಿದರು. ಉಳಿದದ್ದನ್ನು ಎಮ್ಮೆಯ ಬಾನಿಗೆ ಸುರಿದೆ. ಎಮ್ಮೆಯೂ ಮೂಸಿ ಮುಖ ತಿರುಗಿಸಿತು.

ಅಂದು ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಅಲ್ಲಿಯೂ ಒಂದು ಹಿಡಿ, ಇಲ್ಲಿಯೂ ಒಂದು ಹಿಡಿ. ಅವಳ ಕೈಯಲ್ಲಿ ನನ್ನ ಸುಳ್ಳು ಕೂಡ ರುಚಿಯಾಗುತ್ತದೆ, ನನ್ನ ಕೈಯಲ್ಲಿ ನನ್ನದೇ ಮಾತು ಕೆಡುತ್ತದೆ. ದೇವರು ಒಬ್ಬಳಿಗೇ ಎಷ್ಟೆಂದು ಕೊಡುತ್ತಾನೆ ಎಂದು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅತ್ತುಬಿಟ್ಟೆ.

ಆ ವರ್ಷವೇ ತವರಿಗೆ ಹೋದಾಗ ಗಂಡ ಊಟಕ್ಕೆ ಕೂತಲ್ಲಿ ಸುಮ್ಮನಿರದೆ ಎಲ್ಲವನ್ನೂ ಹೇಳಿಬಿಟ್ಟರು. "ಎಮ್ಮೀನೂ ಕುಡೀಲಿಲ್ಲ ನೋಡ್ರಿ ಅತ್ತೆ," ಎಂದರು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು, ಅಪ್ಪ ನಕ್ಕ, ಅಣ್ಣನಿಗೆ ಅನ್ನ ನೆತ್ತಿಗೇರಿತು. ಅತ್ತಿಗೆ ಮಾತ್ರ ನಗಲಿಲ್ಲ.

ಊಟವಾದ ಮೇಲೆ ಅವಳು ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಎಷ್ಟು ಹಾಕಿದಿ, ತಂಗಿ?"

"ಒಂದು ಹಿಡಿ. ನೀನೂ ಅಷ್ಟೇ ಹಾಕಿದ್ದಿ."

"ಹಿಡಿ ಹಾಕಿದ್ರೆ ಅವತ್ತು ಯಾರು ಉಣ್ತಿದ್ರು?" ಎಂದಳು, ಮೊರದಿಂದ ಕಣ್ಣು ತೆಗೆಯದೆ. "ನಾಲ್ಕು ಕಾಳು ಹಾಕಿದ್ದೆ. ಹೆಚ್ಚಂದ್ರೆ ಐದು."

"ಪೇಪರ್‌ನಾಗ ಹಿಡಿ ಅಂತಿತ್ತಲ್ಲ," ಎಂದೆ, ಇಷ್ಟು ವರ್ಷಗಳ ನಂತರವೂ.

"ನೀನು ಓದುವಾಗ ನಿನ್ನ ಕಣ್ಣು ಸಾಲಿನ ಮ್ಯಾಲೆ ಹಿಂಗ ಹೋಗ್ತಿದ್ವು, ಮತ್ತೆ ಹಿಂದಕ್ಕ ಬರ್ತಿದ್ವು." ಅಕ್ಕಿಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. "ನನಗ ಓದಾಕ ಬರಂಗಿಲ್ಲ, ಅದಕ್ಕ ಅದನ್ನೇ ನೋಡ್ತಾ ಕೂಡ್ತಿದ್ದೆ. ಮೆಣಸಿನ ಮಾತು ಹೇಳುವಾಗ ನಿನ್ನ ಕಣ್ಣು ಪೇಪರ್ ಮ್ಯಾಲೆ ಇರಲಿಲ್ಲ. ನನ್ನ ಮುಖದ ಮ್ಯಾಲೆ ಇದ್ವು."

ಅವಳು ಅಕ್ಕಿಯ ಮೇಲೆ ಎಳೆದ ಗೆರೆಯನ್ನು ನಾನು ಬೆರಳಿನಿಂದ ಅಳಿಸಿದೆ.

"ಮತ್ತೆ ಆ ನಾಲ್ಕು ಕಾಳಾದ್ರೂ ಯಾಕ ಹಾಕಿದಿ?" ಎಂದೆ.

"ಬೆಲ್ಲಕ್ಕ ಮೆಣಸು ಒಗ್ಗತೈತಿ, ಪಾನಕಕ್ಕ ಹಾಕಂಗಿಲ್ಲೇನು? ಪೂರಾ ಬಿಟ್ಟಿದ್ರೆ ನೀನು ಹೇಳಿದ್ದು ಸುಳ್ಳು ಅಂತ ಅತ್ತೆಗೆ ಗೊತ್ತಾಗ್ತಿತ್ತು. ನಿನಗ ಬೈತಿದ್ರು." ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. "ಹೋಗ್ಲಿ ಬಿಡು. ನಾನು ಯಾರಿಗೂ ಹೇಳಿಲ್ಲ, ನಿಮ್ಮಣ್ಣಗೂ ಹೇಳಿಲ್ಲ."

ಇಷ್ಟು ವರ್ಷ ನನ್ನದು, ನನ್ನದು ಎಂದು ಒಳಗೆ ಬಚ್ಚಿಟ್ಟುಕೊಂಡದ್ದೂ ಅವಳದೇ ಆಗಿತ್ತು. ಕೆಡಿಸಬೇಕೆಂದು ನಾನು ಹೇಳಿದ್ದು ಒಂದು ಹಿಡಿ, ಅದನ್ನು ಪಾಯಸ ಮಾಡಿದ್ದು ಅವಳ ನಾಲ್ಕು ಕಾಳು. ಅದುವರೆಗೆ ಅವಳ ಕೈಗುಣಕ್ಕೆ ಮಾತ್ರ ಹೊಟ್ಟೆಕಿಚ್ಚು ಪಟ್ಟಿದ್ದೆ. ಅಂದಿನಿಂದ ಅವಳ ಮನಸ್ಸಿಗೂ ಪಡಬೇಕಾಯಿತು. ಅದು ಇನ್ನೂ ಕಷ್ಟದ್ದು.

ಅತ್ತಿಗೆ ಮೊರ ಪಕ್ಕಕ್ಕಿಟ್ಟು ಒಳಗೆ ಹೋಗಿ ಒಂದು ಪತ್ರಿಕೆ ತಂದು ನನ್ನ ತೊಡೆಯ ಮೇಲಿಟ್ಟಳು. "ನಿಮ್ಮಣ್ಣಗ ಓದು ಅಂದ್ರೆ ಅರ್ಧಕ್ಕೇ ನಿದ್ದಿ ಮಾಡ್ತಾರೆ. ನೀನು ಓದು. ರಾತ್ರಿಗೆ ಏನು ಮಾಡಾನ ಅಂತ ನೋಡಾನ."

ಹೀರೆಕಾಯಿಯ ಅಡಿಗೆ ಇತ್ತು ಅದರಲ್ಲಿ. ಒಂದೊಂದೇ ಅಕ್ಷರ ಬಿಡಿಸಿ, ನಿಧಾನವಾಗಿ ಓದಿದೆ. ಕೊನೆಯ ಸಾಲು ಮುಗಿಯುವವರೆಗೆ ಒಮ್ಮೆಯೂ ತಲೆ ಎತ್ತಲಿಲ್ಲ. ಅವಳು ನನ್ನ ಕಣ್ಣುಗಳನ್ನೇ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.